ನಳಿಗೆಯ ಮೇಲಿನ ಅಂಕಿ: ರೈಫಲ್ ಕಾನೂನು ಇಷ್ಟು ಸಿಕ್ಕಾದದ್ದು ಹೇಗೆ

ನಮ್ಮ ದೇಶದಲ್ಲಿ ಲೈಸೆನ್ಸ್ ಇದ್ದವರು .30-06 ರೈಫಲ್ ಕೊಳ್ಳಬಹುದು. 7.62 ಮಿ.ಮೀ. ರೈಫಲ್ ಬೇಕೆಂದರೆ ಕೇಂದ್ರ ಸರ್ಕಾರದ ವಿಶೇಷ ಅನುಮತಿ ಇಲ್ಲದೆ ಆಗದು. ಎರಡರ ಗುಂಡನ್ನೂ ಅಕ್ಕಪಕ್ಕ ಇಟ್ಟು ಅಳೆದರೆ ದಪ್ಪ ಒಂದೇ, 0.308 ಇಂಚು. ವ್ಯತ್ಯಾಸವಿರುವುದು ಹಿತ್ತಾಳೆ ಕೇಸಿನ ಉದ್ದದಲ್ಲಿ: .30-06ರದು 63 ಮಿ.ಮೀ., ಸೇನೆಯ 7.62ರದು 51. ಉದ್ದದ ಕೇಸಿಗೆ ಮದ್ದು ಹೆಚ್ಚು ಹಿಡಿಯುತ್ತದೆ, ಹೊಡೆತವೂ ತುಸು ಜೋರು. ಅಂದರೆ ಜೋರಿನದಕ್ಕೆ ಅನುಮತಿಯುಂಟು, ಮೆದುವಿನದಕ್ಕೆ ನಿಷೇಧ. ಹೊಸಬರಿಗೆ ಇದು ತಲೆಬುಡವಿಲ್ಲದ ನಿಯಮ ಅನ್ನಿಸುತ್ತದೆ. ಬುಡವಂತೂ ಇದೆ, ಅದು ನೂರು ವರ್ಷಕ್ಕೂ ಹಿಂದಿನದು.

1857ರ ದಂಗೆಯ ಬೆನ್ನಿಗೆ ಜನರ ಕೈಯಿಂದ ಆಯುಧ ಕಸಿಯುವ ಕೆಲಸ ಶುರುವಾಯಿತು. 1861ರಲ್ಲಿ ಕೊಡವರಿಗೆ ಅದರಿಂದ ವಿನಾಯಿತಿ ಸಿಕ್ಕಿತು. 1878ರಲ್ಲಿ ವೈಸರಾಯ್ ಲಿಟ್ಟನ್ ಕಾಲದ ಆಯುಧ ಕಾಯ್ದೆ ಬಂದು ಲೈಸೆನ್ಸ್ ಪದ್ಧತಿ ಗಟ್ಟಿಯಾಯಿತು. ಇಲ್ಲಿಯವರೆಗೆ ಪ್ರಶ್ನೆ ಒಂದೇ ಇತ್ತು, ಕೋವಿ ಯಾರ ಕೈಯಲ್ಲಿದೆ ಎಂಬುದು. ನಳಿಗೆಯ ಅಳತೆಯನ್ನು ಯಾರೂ ಅಷ್ಟಾಗಿ ಕೇಳುತ್ತಿರಲಿಲ್ಲ.

ಅಳತೆಯ ಕಥೆ ಶುರುವಾದದ್ದು .450ರಿಂದ, ಅಂದರೆ ಇಂಚಿನ ಲೆಕ್ಕದಲ್ಲಿ 0.450. ಲಂಡನ್ನಿನ ರಿಗ್ಬಿ ಕಂಪನಿ 1898ರಲ್ಲಿ .450 ನೈಟ್ರೊ ಎಕ್ಸ್‌ಪ್ರೆಸ್ ಎಂಬ ತೋಟೆ ಹೊರತಂದಿತು. 480 ಗ್ರೇನ್ ತೂಕದ ಗುಂಡು, ಹೊಗೆಯಿಲ್ಲದ ಮದ್ದು. ಆನೆ, ಕಾಟಿಗಳ ಬೇಟೆಗೆ ಇದಕ್ಕಿಂತ ಬೇರೆ ಬೇಡ ಎನ್ನುವಷ್ಟು ಹೆಸರು ಮಾಡಿತು. ತೊಡಕು ಏನೆಂದರೆ, ಬ್ರಿಟಿಷ್ ಸೇನೆ 1871ರಲ್ಲಿ ಒಪ್ಪಿಕೊಂಡಿದ್ದ ಮಾರ್ಟಿನಿ-ಹೆನ್ರಿ ರೈಫಲ್ಲಿನ ಗುಂಡೂ .450 ಹೆಸರಿನದೇ, ಅದರ ತೂಕವೂ 480 ಗ್ರೇನೇ. ಆ ಹೊತ್ತಿಗೆ ಹಳೆಯ ಮಾರ್ಟಿನಿಗಳು ಸೇನೆಯ ಹೊರಗೂ ಬೇಕಾದಷ್ಟು ಓಡಾಡುತ್ತಿದ್ದವು. ಶಿಕಾರಿಗೆಂದು ತರಿಸಿದ .450 ಸಾಮಗ್ರಿ ಆ ಕೋವಿಗಳ ಹೊಟ್ಟೆ ಸೇರಿದರೆ ಗತಿಯೇನು? ಈ ಭಯಕ್ಕೆ 1907ರ ಹೊತ್ತಿಗೆ ಭಾರತ ಮತ್ತು ಸುಡಾನಿಗೆ .450 ಬೋರಿನ, ಅಂದರೆ ಆ ನಳಿಗೆ ಅಳತೆಯ, ಕೋವಿಗಳ ಆಮದು ನಿಂತಿತು.

ಲಂಡನ್, ಬರ್ಮಿಂಗ್‌ಹ್ಯಾಮ್‌ನ ಕೋವಿ ಕಂಪನಿಗಳಿಗೆ ಭಾರತವೆಂದರೆ ದೊಡ್ಡ ಗಿರಾಕಿ. ಕೈಕಟ್ಟಿ ಕೂರುವವರೇ ಅವರು? ನಿಷೇಧಿತ ಅಂಕಿಯ ಪಕ್ಕದ ಅಂಕಿಗೆ ದಾಟಿದರು. ಜೋಸೆಫ್ ಲ್ಯಾಂಗ್ ಕಂಪನಿ .470 ತಂದಿತು, ಹಾಲೆಂಡ್ ಅಂಡ್ ಹಾಲೆಂಡ್ .465, ವೆಸ್ಟ್ಲಿ ರಿಚರ್ಡ್ಸ್ .476. ಬಲದಲ್ಲಿ ಎಲ್ಲವೂ .450ಕ್ಕೆ ಸರಿಸಮ: .470ರ ಗುಂಡು 500 ಗ್ರೇನ್, ವೇಗ ಸೆಕೆಂಡಿಗೆ ಸುಮಾರು 2,150 ಅಡಿ. .450ರ ವೇಗವೂ ಅದೇ. ಮಾರ್ಟಿನಿಯ ನಳಿಗೆಯೊಳಗೆ ಇಳಿಯದಷ್ಟು ದಪ್ಪವಾಗಿದ್ದರೆ ಕಾನೂನಿಗೆ ಸಾಕಿತ್ತು. ಇಂದಿಗೂ ಆಫ್ರಿಕದಲ್ಲಿ ಜೋಡಿ ನಳಿಗೆಯ ದೊಡ್ಡ ರೈಫಲ್ ಎಂದರೆ ಮೊದಲು ಬಾಯಿಗೆ ಬರುವುದು .470. ಅದನ್ನು ಹುಟ್ಟಿಸಿದ್ದು ಭಾರತದ ಒಂದು ಆಮದು ನಿಯಮ.

.303ರ ವಿಷಯದಲ್ಲೂ ಇದೇ ಆಟ. ಅದು ಸೇನೆಯ, ಪೊಲೀಸರ ಅಳತೆ, ಜನಸಾಮಾನ್ಯರಿಗೆ ಇಲ್ಲ. ಆದರೆ .303ರ ಲೀ-ಎನ್‌ಫೀಲ್ಡ್ ರೈಫಲ್ಲಿನ ಬೋಲ್ಟು (ತೋಟೆಯನ್ನು ಒಳಗೆ ತಳ್ಳಿ ನಳಿಗೆಯ ಹಿಂಬದಿ ಮುಚ್ಚುವ ಭಾಗ) ಗಟ್ಟಿಮುಟ್ಟು, ಅದನ್ನು ತಯಾರಿಸುವ ಯಂತ್ರಗಳೂ ಬಂಗಾಳದ ಇಶಾಪುರದ ಸರ್ಕಾರಿ ಕೋವಿ ಕಾರ್ಖಾನೆಯಲ್ಲಿದ್ದವು. ಅದೇ ಮೈಕಟ್ಟಿಗೆ ಆಸ್ಟ್ರಿಯಾದ 8×50 ಮ್ಯಾನ್ಲಿಕರ್ ತೋಟೆಯ ನಳಿಗೆ ಕೂರಿಸಿದರು; .315 ಸ್ಪೋರ್ಟಿಂಗ್ ರೈಫಲ್ ಆಯಿತು. ಇದರ ಗುಂಡು ದಪ್ಪ, .303ರ ನಳಿಗೆಗೆ ಹೋಗದು, ಠಾಣೆಯ .303 ತೋಟೆ ಇದರಲ್ಲಿ ಕೂರದು. ಸರ್ಕಾರಕ್ಕೆ ಬೇಕಾದದ್ದೂ ಅಷ್ಟೇ.

1959ರ ಆಯುಧ ಕಾಯ್ದೆ, 1962ರಿಂದ ಜಾರಿಗೆ ಬಂದದ್ದು, ಈ ಬೋರಿನ ಲೆಕ್ಕವನ್ನು ಹಾಗೇ ಮುಂದುವರಿಸಿತು. ಕಡತಗಳಲ್ಲಿ ಕಾಣುವ ಪಿಬಿ, ಎನ್‌ಪಿಬಿ ಎಂಬ ಅಕ್ಷರಗಳ ಅರ್ಥ ನಿಷೇಧಿತ ಬೋರು, ನಿಷೇಧವಿಲ್ಲದ ಬೋರು. 7.62 ಸೇನೆಯ ತೋಟೆಯಾದ್ದರಿಂದ ಪಿಬಿ, .30-06 ಎನ್‌ಪಿಬಿ. 1983ರಲ್ಲಿ ಒಬ್ಬರಿಗೆ ಮೂರೇ ಕೋವಿ ಎಂಬ ಮಿತಿ ಬಂತು. 80ರ ದಶಕದಲ್ಲೇ ಖಾಸಗಿಯವರ ಆಮದಿಗೂ ಬಾಗಿಲು ಬಿತ್ತು. ಬಿದ್ದ ಬಾಗಿಲಿನಲ್ಲಿ ಉಳಿದಿರುವುದು ಎರಡು ಕಿಂಡಿ. ಒಂದು, ಹೆಸರು ಮಾಡಿದ ಶೂಟಿಂಗ್ ಕ್ರೀಡಾಪಟುಗಳಿಗೆ. ಇನ್ನೊಂದು, ವಿದೇಶದಿಂದ ವಾಸ ಬದಲಿಸಿ ಮರಳುವವರಿಗೆ. ಅಮೆರಿಕದಲ್ಲಿ ಗನ್ ಕೊಂಡಿಟ್ಟುಕೊಂಡು ಊರಿಗೆ ಮರಳುವ ನಮ್ಮವರು ಎಡವುವುದು ಈ ಎರಡನೆಯ ಕಡೆ. ತರಬಹುದಾದದ್ದು ಒಂದೇ ಒಂದು. ಅದು ಅನುಮತಿಯ ಬೋರಿನದಾಗಿರಬೇಕು. ಅಲ್ಲಿ ಕನಿಷ್ಠ ಒಂದು ವರ್ಷ ಸ್ವಂತ ಬಳಕೆಯಲ್ಲಿದ್ದಿರಬೇಕು. ತೋಟೆ 50 ಮೀರುವಂತಿಲ್ಲ. ಬದುಕಿರುವವರೆಗೆ ಮಾರುವಂತಿಲ್ಲ, ಸುಮ್ಮನೆ ಕೊಡುವಂತೆಯೂ ಇಲ್ಲ. ಹಡಗಿಗೆ ಹಾಕಿದ ಮೇಲೆ ಲೈಸೆನ್ಸ್ ಮಾಡಿಸಿದರಾಯಿತು ಎಂದುಕೊಂಡರೆ ಸುಂಕದ ಕಟ್ಟೆಯಲ್ಲೇ ಸಿಕ್ಕಿಬೀಳುತ್ತಾರೆ. ಸೇನೆಯ 7.62ರ ನಾಗರಿಕ ಜೋಡಿಯಾದ .308 ತಂದವರಿಗಂತೂ ಮೊದಲ ಮೆಟ್ಟಿಲಲ್ಲೇ ತಡೆ.

ಬಿಡಿಭಾಗಕ್ಕೂ ಇದೇ ಕಟ್ಟುಪಾಡು ಎಂಬುದು ಎಷ್ಟೋ ಮಂದಿಗೆ ಹೊಳೆಯುವುದಿಲ್ಲ. ಕಾಯ್ದೆಯ ಪ್ರಕಾರ ಕೋವಿಯ ಭಾಗವೂ ಕೋವಿಯೇ. ಸದ್ದು ತಗ್ಗಿಸುವ ಸೈಲೆನ್ಸರ್ ಕೂಡ. ಅಜ್ಜನ ಕಾಲದ ಮೌಸರ್ ರೈಫಲ್‌ನಲ್ಲಿ ಖಾಲಿ ತೋಟೆ ಎಳೆಯುವ ಎಕ್ಸ್‌ಟ್ರಾಕ್ಟರ್ ಮುರಿಯಿತೆನ್ನಿ. ಬೆರಳುದ್ದದ ಉಕ್ಕಿನ ತುಂಡು ಅದು; ಜರ್ಮನಿಯಿಂದ ಕೊರಿಯರ್‌ನಲ್ಲಿ ತರಿಸಿದರೆ ಲೆಕ್ಕಕ್ಕೆ ಅದು ಆಯುಧ ಆಮದು. ಹಾಗಂತ ಪರಿಚಯದ ಕಮ್ಮಾರನ ಕೈಗೆ ರೈಫಲ್ ಕೊಟ್ಟು ಬರುವಂತೆಯೂ ಇಲ್ಲ. ದುರಸ್ತಿಗೆ ಪ್ರತ್ಯೇಕ ಲೈಸೆನ್ಸ್ ಬೇಕು, ಅದಿಲ್ಲದವನ ಬಳಿ ನಿಮ್ಮ ರೈಫಲ್ ಸಿಕ್ಕರೆ ಕೇಸು ಇಬ್ಬರ ಮೇಲೂ ಬರುತ್ತದೆ.

ಮಾರ್ಪಾಡಿನ ಕಥೆ ಆಯುಧ ಕಾಯ್ದೆಯ 6ನೇ ಕಲಮಿನದು. ಮೊದಲು ಅದು ಎರಡನ್ನೇ ತಡೆಯುತ್ತಿತ್ತು: ನಳಿಗೆ ಮೋಟು ಮಾಡುವುದು, ಆಟಿಕೆಯಂಥ ನಕಲಿಯನ್ನು ನಿಜದ ಕೋವಿ ಮಾಡುವುದು. 2019ರ ತಿದ್ದುಪಡಿ ಒಂದು ವರ್ಗದ ಕೋವಿಯನ್ನು ಇನ್ನೊಂದು ವರ್ಗಕ್ಕೆ ಬದಲಿಸುವುದನ್ನೂ ಸೇರಿಸಿತು. ಮಲೆನಾಡಿನ ಕೇಪಿನ ಕೋವಿಯನ್ನು (ನಳಿಗೆಯ ಬಾಯಿಂದ ಮದ್ದು ತುಂಬುವಂಥದ್ದು) ತೋಟೆ ಕೋವಿ ಮಾಡಿಸುವ ಹಳೆಯ ರೂಢಿ ಈಗ ನೇರ ಇದರಡಿ ಬರುತ್ತದೆ. ತುದಿ ತುಕ್ಕು ಹಿಡಿದಿದೆ ಎಂದು ಒಂದಿಂಚು ಕೊಯ್ಸಿದರೂ ಕಾನೂನಿನ ಕಣ್ಣಿಗೆ ಅದು ಮೋಟು ಮಾಡಿದ್ದೇ. ಶಿಕ್ಷೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಲೈಸೆನ್ಸ್ ಇಲ್ಲದೆ ಕೋವಿ ತಯಾರಿಸಿ ಮಾರುವವನಿಗೂ ತುಕ್ಕು ಕೊಯ್ಸಿದವನಿಗೂ ಒಂದೇ ಉಪಕಲಮು. ಏರ್ ರೈಫಲ್‌ನವರೂ ನಿಶ್ಚಿಂತರಲ್ಲ: .177 ಬೋರು, 20 ಜೂಲ್ ಶಕ್ತಿಯವರೆಗೆ ಲೈಸೆನ್ಸ್ ಬೇಡ. ಗಡುಸಾದ ಸ್ಪ್ರಿಂಗ್ ಹಾಕಿ ಆ ಗೆರೆ ದಾಟಿಸಿದ ದಿನದಿಂದ ಬೇಕು.

ಕೊಡಗಿನ ವಿನಾಯಿತಿಯನ್ನು 2019ರಲ್ಲಿ ಕೇಂದ್ರ 2029ರವರೆಗೆ ವಿಸ್ತರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಎತ್ತಿಹಿಡಿಯಿತು. ಅದು ಕೋವಿ ಇಟ್ಟುಕೊಳ್ಳಲು, ಒಯ್ಯಲು ಕೊಟ್ಟದ್ದು. ಹೊರಗಿನಿಂದ ತರಿಸಲು ಅಲ್ಲ.

2019ರಲ್ಲೇ ಮೂರು ಕೋವಿಯ ಮಿತಿ ಎರಡಕ್ಕಿಳಿಯಿತು. ಮಸೂದೆಯಲ್ಲಿ ಇದ್ದದ್ದು ಒಂದೇ. ಆಕ್ಷೇಪ ಎದ್ದ ಮೇಲೆ ಎರಡಾಯಿತು. ಹೆಚ್ಚಿನದನ್ನು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ಡೀಲರಿಗೋ ಒಪ್ಪಿಸಬೇಕಿತ್ತು. ವಾರಸಿಕೆಯಲ್ಲಿ ಬಂದದ್ದಕ್ಕೂ ಇದೇ ಮಿತಿ. 2016ರ ಆಯುಧ ನಿಯಮಗಳಡಿ ಲೈಸೆನ್ಸುದಾರರಿಗೆ 70 ತುಂಬಿದರೆ, ಇಲ್ಲವೇ ಕೋವಿ 25 ವರ್ಷ ಅವರ ಬಳಿ ಇದ್ದರೆ, ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಅರ್ಜಿ ಹಾಕಬಹುದು. ಅಪ್ಪನ .315, ಅಜ್ಜನ ಜೋಡಿ ನಳಿಗೆ, ಜೊತೆಗೆ ತನ್ನದೇ ಒಂದು .22 ಇರುವ ಮಗ, ಮೂರರಲ್ಲಿ ಯಾವುದನ್ನು ಬಿಡುವುದೆಂದು ಅರ್ಜಿ ಹಾಕುವ ಮೊದಲೇ ತೀರ್ಮಾನಿಸಿಕೊಳ್ಳಬೇಕು.