ಆಲೂಗಡ್ಡೆ ಬಿಟ್ಟು ಚೀಸ್ ತಿಂದವರ ಲೆಕ್ಕ

ಆಹಾರದ ಸಲಹೆಗೆಂದು ಕಳೆದ ವಾರ ನನ್ನ ಬಳಿ ಬಂದಿದ್ದ ಮಹಿಳೆಯೊಬ್ಬರು ಊಟದ ಡೈರಿ ಮುಂದಿಟ್ಟು, "ಚೀಸ್-ಆಲೂಗಡ್ಡೆ ಗ್ರಾಟಿನ್ ಮಾಡಿದ್ರು ಮೇಡಂ. ಆಲೂಗಡ್ಡೆ ಮುಟ್ಟಲೇ ಇಲ್ಲ, ಮೇಲಿನದಷ್ಟೇ ಕೆರೆದು ತಿಂದೆ" ಅಂದರು. ಗ್ರಾಟಿನ್ ಅಂದರೆ ಆಲೂಗಡ್ಡೆ ಬಿಲ್ಲೆಗಳ ಮೇಲೆ ಕ್ರೀಮು, ಚೀಸು ಹಾಕಿ ಓವನ್ನಿನಲ್ಲಿ ಬೇಯಿಸುವ ತಿನಿಸು. ಅವರ ಮುಖದಲ್ಲಿ ಗೆದ್ದ ಖುಷಿ. ಫೋನಿನಲ್ಲಿ ತಟ್ಟೆಯ ಫೋಟೊ ಕೂಡ ಇತ್ತು: ತೆಳ್ಳಗೆ ಹೆಚ್ಚಿದ ಬಿಲ್ಲೆಗಳೆಲ್ಲ ಬೋಳಾಗಿ ಒಂದು ಮೂಲೆಗೆ ಸರಿದಿದ್ದವು. ಹೊಂಬಣ್ಣಕ್ಕೆ ಬೆಂದ ಚೀಸಿನ ಒಂದು ಚೂರೂ ಉಳಿದಿರಲಿಲ್ಲ.

ಅಷ್ಟು ಮನಸ್ಸು ಕಟ್ಟಿದವರಿಗೆ ಇದನ್ನು ಹೇಳುವುದು ಕಷ್ಟ. ಆದರೂ ಹೇಳಲೇಬೇಕು: ಬಿಡಬೇಕಾದ್ದನ್ನು ತಿಂದು, ತಿನ್ನಬಹುದಾದ್ದನ್ನು ಬಿಟ್ಟಿದ್ದೀರಿ.

ಲೆಕ್ಕ ನೋಡಿ. ಒಂದು ಕಿಲೋ ಆಲೂಗಡ್ಡೆಯಲ್ಲಿ ಸುಮಾರು 770 ಕ್ಯಾಲೊರಿ. ಅದರ ಮೇಲೆ ಸುರಿಯುವ ಅರ್ಧ ಲೀಟರ್ ಗಟ್ಟಿ ಕ್ರೀಮಿನಲ್ಲಿ 1,700. ಗ್ರೂಯೆರ್ ಚೀಸ್ 200 ಗ್ರಾಂ ತುರಿದರೆ 820ರ ಆಸುಪಾಸು, ಪಾತ್ರೆಗೆ ಸವರುವ 30 ಗ್ರಾಂ ಬೆಣ್ಣೆಗೆ 215. ಒಟ್ಟು 3,500. ಇದರಲ್ಲಿ ಆಲೂಗಡ್ಡೆಯ ಪಾಲು ನಾಲ್ಕನೇ ಒಂದಕ್ಕಿಂತ ಕಡಿಮೆ! ತೂಕಕ್ಕೆ ತೂಕ ಇಟ್ಟರೆ ಚೀಸಿನಲ್ಲಿ ಆಲೂಗಡ್ಡೆಯ ಐದು ಪಟ್ಟು ಕ್ಯಾಲೊರಿ ಇದೆ, ಏಕೆಂದರೆ ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಪಿಷ್ಟಕ್ಕೆ 4 ಮಾತ್ರ. ಆಲೂಗಡ್ಡೆಯಲ್ಲಂತೂ ಮುಕ್ಕಾಲು ಪಾಲು ನೀರೇ. ಆಲೂಗಡ್ಡೆ ತೆಗೆದು ಹೂಕೋಸು ಹಾಕಿ, ಕ್ರೀಮು ಚೀಸು ಹಾಗೇ ಇಟ್ಟುಕೊಂಡು "ಡಯಟ್ ಗ್ರಾಟಿನ್" ಅನ್ನುವವರೂ ಬರುತ್ತಾರೆ. ಅವರಿಗೂ ಇದೇ ಲೆಕ್ಕ ಬರೆದು ತೋರಿಸುತ್ತೇನೆ.

ಆರು ಪಾಲು ಮಾಡಿದರೆ ಒಬ್ಬರಿಗೆ 585 ಕ್ಯಾಲೊರಿ, 45 ಗ್ರಾಂ ಕೊಬ್ಬು. ಅದರಲ್ಲಿ 28 ಗ್ರಾಂನಷ್ಟು ಸ್ಯಾಚುರೇಟೆಡ್ ಕೊಬ್ಬು, ಅಂದರೆ ಬೆಣ್ಣೆಯಲ್ಲಿರುವಂಥ, ಮಿತಿಯಲ್ಲಿಡಬೇಕಾದ ಬಗೆಯ ಕೊಬ್ಬು. ದಿನಕ್ಕೆ 2,000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 22 ಗ್ರಾಂ. ಹಾಗಂತ ಇದು ಕೆಟ್ಟ ತಿನಿಸೆಂದು ನಾನು ಹೇಳುವುದಿಲ್ಲ. ಒಂದು ಪಾಲಿನಲ್ಲಿ 15 ಗ್ರಾಂ ಪ್ರೊಟೀನ್, ಒಳ್ಳೆಯ ಪ್ರಮಾಣದ ಕ್ಯಾಲ್ಸಿಯಂ ಸಿಗುತ್ತದೆ.

ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆ ಇದ್ದವರಿಗೆ ಆಲೂಗಡ್ಡೆಯ ಪಿಷ್ಟ ಲೆಕ್ಕಕ್ಕೆ ಬರುತ್ತದೆ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಅದರ ಪೊಟ್ಯಾಸಿಯಂ. ಅಂಥವರು ತಮ್ಮ ವೈದ್ಯರ ಮಾತನ್ನೇ ಕೇಳಬೇಕು, ಅಂಕಣದ್ದಲ್ಲ.

ಆ ಮಹಿಳೆಗೆ ನಾನು ಹೇಳಿದ್ದು ಇಷ್ಟೇ: ಅರ್ಧ ಕ್ರೀಮಿನ ಜಾಗಕ್ಕೆ ಹಾಲು ಹಾಕಿ. ಒಬ್ಬರ ಪಾಲಿಗೆ ನೂರಕ್ಕೂ ಹೆಚ್ಚು ಕ್ಯಾಲೊರಿ ಇಳಿಯುತ್ತದೆ. ಹೆಚ್ಚಿದ ಬಿಲ್ಲೆಗಳನ್ನು ಮಾತ್ರ ತೊಳೆಯಬೇಡಿ, ಅದರ ಪಿಷ್ಟವೇ ಹಾಲನ್ನು ಗಟ್ಟಿ ಮಾಡುತ್ತದೆ. ಅವರು ಬರೆದುಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆಲೂಗಡ್ಡೆ ತಿನ್ನಬಹುದಾ ಮೇಡಂ?" ಅಂತ ಕೇಳಿದರು. ಮೂರು ವರ್ಷದಿಂದ ಅವರು ಮನೆಗೆ ಆಲೂಗಡ್ಡೆಯನ್ನೇ ತಂದಿರಲಿಲ್ಲವಂತೆ.