ನಮ್ಮ ಕರಡಿಗೆ ಅಮೆರಿಕದ ರೂಲ್ಸ್ ನಡೆಯಲ್ಲ

ಕರಡಿ ಎದುರಾದ್ರೆ ಎರಡೂ ಕೈ ಮೇಲೆತ್ತಿ ದೊಡ್ಡದಾಗಿ ಕಾಣೋ ಹಾಗೆ ನಿಂತ್ಕೊಳ್ಳಿ, ಜೋರಾಗಿ ಕೂಗಿ, ಅದೇ ಓಡಿಹೋಗತ್ತೆ ಅನ್ನೋ ವೀಡಿಯೋಗಳು ವಾಟ್ಸಾಪಲ್ಲಿ ಸುತ್ತುತ್ತಾನೇ ಇರ್ತವೆ. ಆ ಮಾತು ಅಮೆರಿಕದ ಕಪ್ಪು ಕರಡಿಗೆ ಹೇಳಿದ್ದು, ಅಲ್ಲಿಗೆ ಅದು ಸರಿ. ತುಮಕೂರು, ಚಿತ್ರದುರ್ಗ, ಬಳ್ಳಾರಿ, ಕೊಪ್ಪಳ, ರಾಮನಗರ ಕಡೆ ಕಲ್ಲುಗುಡ್ಡದ ಬುಡದಲ್ಲಿರೋ ಊರುಗಳಿಗೆ ಬರೋ ಕರಡಿನೇ ಬೇರೆ. ಇಂಗ್ಲಿಷ್‌ನೋರು ಸ್ಲಾತ್ ಬೇರ್ ಅಂತಾರೆ, ಸ್ಲಾತ್ ಅಂದ್ರೆ ಸೋಮಾರಿ, ಆದ್ರೆ ಇದು ಓಡೋಕೆ ಶುರು ಮಾಡಿದ್ರೆ ಮನುಷ್ಯ ಅದರ ಮುಂದೆ ಏನೂ ಅಲ್ಲ.

ಕಪ್ಪು ಕರಡಿ ಹೆದರಿದ್ರೆ ಮರ ಹತ್ತಿ ಬಚಾವಾಗತ್ತೆ, ಮರಿಗಳನ್ನೂ ಮೇಲಕ್ಕೆ ಕಳಿಸತ್ತೆ. ನಮ್ಮ ಕರಡಿ ಸಾವಿರಾರು ತಲೆಮಾರಿಂದ ಹುಲಿ ಚಿರತೆ ಜೊತೆ ಬದುಕಿರೋದು, ಕುರುಚಲು ಕಾಡಲ್ಲಿ ದೊಡ್ಡ ಮರಗಳೂ ಕಮ್ಮಿ, ಇದ್ರೂ ಚಿರತೆನೂ ಹತ್ತತ್ತಲ್ಲ, ಹಾಗಾಗಿ ಓಡೋದಕ್ಕಿಂತ ಮೊದಲು ಮೇಲೆ ಬೀಳೋದೇ ಲಾಭ ಅಂತ ಅದರ ಸ್ವಭಾವ ರೂಪುಗೊಂಡಿದೆ ಅನ್ನೋದು ವಿಜ್ಞಾನಿಗಳ ವಿವರಣೆ. ತಾಯಿ ಮರಿಗಳನ್ನ ಬೆನ್ನ ಮೇಲೆ ಹೊತ್ಕೊಂಡು ತಿರುಗತ್ತೆ, ಮರಿಗಳು ಉದ್ದ ಕೂದಲು ಹಿಡ್ಕೊಂಡು ಕೂತಿರ್ತವೆ. ಅಂಥ ತಾಯಿಗೆ ಹತ್ತು ಹೆಜ್ಜೆ ದೂರದಲ್ಲಿ ನೀವು ದಿಢೀರ್ ಅಂತ ಕಂಡ್ರೆ ಯೋಚನೆ ಮಾಡೋಕೆ ಅದಕ್ಕೆ ಟೈಮೇ ಇರಲ್ಲ.

ನಮ್ಮನ್ನ ತಿನ್ನೋಕೆ ಬರೋ ಪ್ರಾಣಿ ಇದಲ್ಲ. ಇದರ ಊಟ ಗೆದ್ದಲು, ಇರುವೆ, ಜೇನು, ಜೊತೆಗೆ ಕಾರೆ ಕವಳೆ ನೇರಳೆ ಕಕ್ಕೆ ಥರದ ಹಣ್ಣು. ಹುತ್ತ ಸಿಕ್ಕಿದ್ರೆ ಉದ್ದುದ್ದ ಉಗುರಲ್ಲಿ ಕೆದಕತ್ತೆ, ಮೂತಿ ಒಳಗಿಟ್ಟು ಉಫ್ ಅಂತ ಊದಿ ಮಣ್ಣು ಹಾರಿಸತ್ತೆ, ಆಮೇಲೆ ಮೂಗಿನ ಹೊಳ್ಳೆ ಮುಚ್ಕೊಂಡು ವ್ಯಾಕ್ಯೂಮ್ ಕ್ಲೀನರ್ ಥರ ಗೆದ್ದಲನ್ನ ಎಳ್ಕೊಳತ್ತೆ. ಅದಕ್ಕೆ ಅಂತಾನೇ ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಇಲ್ಲ, ಆ ಸಂದಿಯಿಂದಲೇ ಎಳೆಯೋದು. ಈ ಸದ್ದು ನೂರು ಮೀಟರ್ ದೂರಕ್ಕೂ ಕೇಳತ್ತೆ. ಇಷ್ಟು ಗಲಾಟೆ ಮಾಡ್ಕೊಂಡು ತಲೆ ಮಣ್ಣಲ್ಲಿಟ್ಟಿರೋ ಪ್ರಾಣಿಗೆ ನಿಮ್ಮ ಹೆಜ್ಜೆ ಸದ್ದು ಎಲ್ಲಿ ಕೇಳ್ಬೇಕು ಹೇಳಿ, ಮೊದಲೇ ಕಣ್ಣು ಮಂದ, ಮೂಗು ಮಾತ್ರ ಚುರುಕು, ಗಾಳಿ ಅದರ ಕಡೆಯಿಂದ ನಿಮ್ಮ ಕಡೆ ಬೀಸ್ತಾ ಇದ್ರೆ ಆ ಮೂಗೂ ಪ್ರಯೋಜನಕ್ಕಿಲ್ಲ.

ಹೆಚ್ಚಿನ ದಾಳಿ ಆಗೋದು ಹೀಗೇ, ಹತ್ತಿರಕ್ಕೆ ಬರೋವರೆಗೂ ಇಬ್ಬರಿಗೂ ಗೊತ್ತಾಗದೇ. ನಸುಕಲ್ಲಿ ಚೊಂಬು ಹಿಡ್ಕೊಂಡು ಬಯಲಿಗೆ ಹೋದೋರು, ಸೌದೆಗೆ ಹೋದ ಹೆಂಗಸರು, ದನ ಕುರಿ ಮೇಯ್ಸೋರು, ರಾತ್ರಿ ಶೇಂಗಾ ಹೊಲ ಕಾಯೋರು ಸಿಕ್ಕಿಹಾಕ್ಕೊಳ್ತಾರೆ. ಹಾಗಾಗಿ ಮನೇಲೊಂದು ಟಾಯ್ಲೆಟ್, ಅದರಲ್ಲಿ ನೀರು, ಬೀದಿ ಕೊನೇಲಿ ಒಂದು ದೀಪ, ನನ್ನ ಪ್ರಕಾರ ಇವೇ ಕರಡಿಯಿಂದ ಬಚಾವಾಗೋಕೆ ಎಲ್ಲಕ್ಕಿಂತ ಒಳ್ಳೆ ಸಾಧನ, ಆದ್ರೆ ಕರಡಿ ಬಗ್ಗೆ ಮೀಟಿಂಗ್ ಮಾಡೋರು ಇದರ ಸುದ್ದಿನೇ ಎತ್ತಲ್ಲ.

ಗುಡ್ಡದ ಕಡೆ ಹೋಗ್ಲೇಬೇಕು ಅಂದ್ರೆ ಒಬ್ಬರೇ ಹೋಗ್ಬೇಡಿ. ಮಾತಾಡ್ಕೊಂಡು, ಕೋಲು ನೆಲಕ್ಕೆ ಕುಟ್ಕೊಂಡು ಹೋಗಿ, ಮೊಬೈಲಲ್ಲಿ ಹಾಡು ಹಾಕ್ಕೊಂಡ್ರೂ ಆಯ್ತು, ಇಯರ್‌ಫೋನ್ ಮಾತ್ರ ಬೇಡ. ಕತ್ತಲಲ್ಲಿ ಟಾರ್ಚ್ ಇರ್ಲಿ. ಬಂಡೆ ಸಂದಿಗೆ, ಲಂಟಾನ ಪೊದೆಗೆ ಸುಮ್ಮನೆ ನುಗ್ಗೋಕೆ ಹೋಗ್ಬೇಡಿ, ಬಿಸಿಲು ಹೊತ್ತಲ್ಲಿ ಅದು ಮಲಗೋದೇ ಅಲ್ಲಿ. ನಾಯಿ ಜೊತೆಗಿದ್ರೆ ಧೈರ್ಯ ಅಂತಾರೆ, ಆದ್ರೆ ನಾಯಿ ಹೋಗಿ ಕರಡಿನ ಕೆಣಕಿ ಆಮೇಲೆ ಬಾಲ ಮುದುರ್ಕೊಂಡು ಓಡಿಬರೋದು ಯಜಮಾನನ ಹತ್ರಾನೇ.

ದೂರದಲ್ಲಿ ಕಂಡ್ರೆ, ನಿಮ್ಮನ್ನ ಅದು ಇನ್ನೂ ನೋಡಿಲ್ಲ ಅಂದ್ರೆ, ಬಂದ ದಾರಿಲೇ ಸದ್ದಿಲ್ಲದೆ ವಾಪಸ್. ಹತ್ತಿರ ಇದ್ದು ನೋಡಿಬಿಟ್ಟಿದ್ರೆ ಓಡಬಾರದು, ಕಲ್ಲು ಎಸೀಬಾರದು, ಮುಖ ಅದರ ಕಡೆಗೇ ಇಟ್ಕೊಂಡು ನಿಧಾನಕ್ಕೆ ಹಿಂದೆ ಸರೀಬೇಕು. ಎರಡು ಕಾಲಮೇಲೆ ಎದ್ದು ನಿಂತ್ರೆ ಎಷ್ಟೋ ಸಲ ಅದು ವಾಸನೆ ಹಿಡಿದು ಏನಿದು ಅಂತ ನೋಡ್ತಾ ಇರೋದು ಅಷ್ಟೇ, ಆವಾಗ ಗಾಬರಿಬಿದ್ದು ಓಡಿದ್ರೆ ಕೆಲಸ ಕೆಟ್ಟ ಹಾಗೆ. ಮೇಲೆ ಬಿದ್ದೇಬಿಡ್ತು ಅಂದ್ರೆ ಹೊಟ್ಟೆ ನೆಲಕ್ಕೆ ಮಾಡಿ ಮಲಗಿ, ಎರಡೂ ಕೈ ಬೆರಳು ಹೆಣೆದು ಕತ್ತಿನ ಹಿಂಭಾಗ ಮುಚ್ಕೊಳ್ಳಿ, ಮೊಣಕೈಗಳು ಮುಖದ ಪಕ್ಕ ಬರ್ಲಿ. ಇದು ಕಚ್ಚಿ ಪರಚೋದು ಜಾಸ್ತಿ ಮುಖ ತಲೆಗೇ, ಕಣ್ಣು ಕಳ್ಕೊಂಡೋರಿದ್ದಾರೆ. ಅಪಾಯ ಇಲ್ಲ ಅನ್ನಿಸಿದ್ರೆ ಸಾಮಾನ್ಯವಾಗಿ ಬಿಟ್ಟು ಹೋಗತ್ತೆ, ಹೋಯ್ತು ಅಂತ ತಕ್ಷಣ ಏಳಬೇಡಿ. ಚಿಕ್ಕಂದಿನ ಕತೇಲಿ ಉಸಿರು ಬಿಗಿಹಿಡಿದು ಮಲಗಿದವನು ಬದುಕಿದನಲ್ಲ, ಅದು ಅರ್ಧ ನಿಜ, ಅಂಗಾತ ಮಾತ್ರ ಮಲಗಬಾರದು. ಮರ ಹತ್ತಿದ ಗೆಳೆಯನಿಗೂ ಗ್ಯಾರಂಟಿ ಇಲ್ಲ, ಜೇನಿಗೋಸ್ಕರ ಮರ ಹತ್ತೋದು ಇದಕ್ಕೆ ಮಾಮೂಲು.

ಇನ್ನು ಊರೊಳಗೆ ಯಾಕೆ ಬರತ್ತೆ ಅಂದ್ರೆ, ಬಂಡೆ ಗುಡ್ಡಗಳನ್ನ ಕ್ವಾರಿಯೋರು ಒಡೀತಿದ್ದಾರೆ, ಇದು ಮರಿ ಹಾಕೋ ಗುಹೆ ಇರೋದೇ ಆ ಬಂಡೆಗಳ ನಡುವೆ. ಜೊತೆಗೆ ತೋಟದ ಹಲಸು, ಸೀತಾಫಲ, ಮೆಕ್ಕೆಜೋಳ. ಎಣ್ಣೆ ಹುಚ್ಚು ಬೇರೆ. ಶಿವಪೂಜೇಲಿ ಕರಡಿ ಬಿಟ್ಟಹಾಗೆ ಅಂತೀವಲ್ಲ, ನಿಜವಾಗ್ಲೂ ಗುಡಿ ಬಾಗಿಲು ಮುರಿದು ದೀಪದೆಣ್ಣೆ ಕುಡಿದು ಹೋದ ಸುದ್ದಿ ಈ ಜಿಲ್ಲೆಗಳಿಂದ ಆಗಾಗ ಬರ್ತಾನೇ ಇರತ್ತೆ, ಬಿಸಿಯೂಟದ ಅಡುಗೆಮನೆಗೂ ನುಗ್ಗತ್ತೆ. ಎಣ್ಣೆ, ಬೆಲ್ಲ ರಾತ್ರಿ ಗಟ್ಟಿ ಬಾಗಿಲ ಹಿಂದೆ ಇಡಿ, ಉದುರಿದ ಹಣ್ಣು ಅವತ್ತವತ್ತೇ ಆರಿಸಿ, ಕಸ ಮನೆ ಮುಂದೆ ಸುರೀಬೇಡಿ. ದರೋಜಿ ಕರಡಿಧಾಮ, 1994ರಲ್ಲಿ ಆಗಿದ್ದು, ಅಲ್ಲಿ ಪ್ರವಾಸಿಗರಿಗೆ ಕಾಣ್ಲಿ ಅಂತ ಬಂಡೆಗೆ ಬೆಲ್ಲದ ಪಾಕ ಬಳೀತಾರೆ, ಸಂಜೆ ಹೊತ್ತಿಗೆ ಕರಡಿಗಳು ಹಾಜರ್. ಸಿಹಿ ಎಲ್ಲಿ ಸಿಗತ್ತೆ ಅಂತ ಒಂದು ಸಲ ಕಲಿತರೆ ಮರೆಯೋ ಪ್ರಾಣಿ ಅಲ್ಲ, ನಿಮ್ಮ ಹಿತ್ತಲಿಗೂ ಇದೇ ಲೆಕ್ಕ.

ಹಗಲಲ್ಲಿ ಊರಿಗೆ ಬಂದ್ರೆ ಕರಡಿಗಿಂತ ಜನರದ್ದೇ ಕಾಟ ಜಾಸ್ತಿ. ನೂರಾರು ಜನ ಮೊಬೈಲ್ ಹಿಡ್ಕೊಂಡು ಸುತ್ತುವರೀತಾರೆ, ಒಬ್ಬ ಕಲ್ಲು ಹೊಡೀತಾನೆ, ಅದಕ್ಕೆ ಹೊರಗೆ ಹೋಗೋ ದಾರಿನೇ ಕಾಣಲ್ಲ, ಆಮೇಲೆ ಎದುರಿಗೆ ಸಿಕ್ಕವರ ಮೇಲೆ ಬೀಳತ್ತೆ. ಮಕ್ಕಳನ್ನ ಒಳಗೆ ಕರ್ಕೊಂಡು ಬಾಗಿಲು ಹಾಕಿ, ಗುಡ್ಡದ ಕಡೆ ದಾರಿ ಬಿಟ್ಟುಬಿಡಿ, ಅರಣ್ಯ ಇಲಾಖೆಗೆ ಇಲ್ಲಾ 112ಕ್ಕೆ ಫೋನ್ ಮಾಡಿ.

ಗಾಯ ಆದೋರಿಗೆ ಅರಿಶಿನ, ಕಾಫಿಪುಡಿ ಮೆತ್ತೋಕೆ ಹೋಗ್ಬೇಡಿ. ರಕ್ತ ಸುರೀತಿದ್ರೆ ಶುಭ್ರ ಬಟ್ಟೆ ಒತ್ತಿ ಹಿಡಿದು ಸೀದಾ ಆಸ್ಪತ್ರೆಗೆ, ಸಣ್ಣ ಪರಚು ಆದ್ರೆ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೀರಿ. ಹೊಲಿಗೆ ಹಾಕಿಸ್ಕೊಂಡು ಬಂದ ಮೇಲೆ ಜನ ಮರೆಯೋದು ರೇಬೀಸ್ ಇಂಜೆಕ್ಷನ್ನು, ಹುಚ್ಚುನಾಯಿಗೆ ಮಾತ್ರ ಅಂದ್ಕೊಂಡಿರ್ತಾರೆ, ಕರಡಿ ಕಚ್ಚಿದ್ರೂ ಅದು ಬೇಕೇಬೇಕು, ಟಿಟಿ ಜೊತೆಗೆ. ಆಸ್ಪತ್ರೆ ಚೀಟಿಗಳನ್ನೆಲ್ಲಾ ಜೋಪಾನವಾಗಿ ಇಟ್ಕೊಳ್ಳಿ, ಅರಣ್ಯ ಇಲಾಖೆ ಪರಿಹಾರಕ್ಕೆ ಅರ್ಜಿ ಹಾಕುವಾಗ ಅವನ್ನೇ ಮೊದಲು ಕೇಳೋದು.