ಮಾಳಿಗೆಗೆ ಇನ್ನೊಂದು ಪದರ ಹಾಕಿಸುವ ಮುನ್ನ

ಜೂನ್ ತಿಂಗಳ ಮೊದಲ ಮಳೆಗಳು ಬಿದ್ದವೆಂದರೆ ಕಲಬುರಗಿಯ ಮನೆಮಾಲೀಕರು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಸ್ಲ್ಯಾಬು ಸೋರುತ್ತಿದೆ, ಮೇಲೆ ಇನ್ನೊಂದು ಪದರ ಕಾಂಕ್ರೀಟ್ ಹಾಕಿಸಿಬಿಡಲೇ? ಮಾಳಿಗೆಯ ಮೇಲೆ ನಿಂತು ಇದಕ್ಕೆ ಉತ್ತರ ಹೇಳಲಾಗದು. ನೀರು ಇಳಿಯುವುದು ಮೇಲಿನಿಂದಲೇ ಆದರೂ ಸ್ಲ್ಯಾಬಿನ ಆಯುಷ್ಯವನ್ನು ನಿರ್ಧರಿಸುವುದು ತಳಭಾಗದ ಕಾಂಕ್ರೀಟಿನೊಳಗಿನ ಉಕ್ಕಿನ ಸರಳುಗಳು; ಆದ್ದರಿಂದ ಪರೀಕ್ಷೆ ಕೋಣೆಯೊಳಗಿನಿಂದ ಆರಂಭವಾಗಬೇಕು.

ತಳದಲ್ಲಿ ತೇವದ ಕಲೆ ಮತ್ತು ಬಿಳಿ ಉಪ್ಪಿನ ಗುರುತು ಮಾತ್ರ ಇದ್ದು, ಸುತ್ತಿಗೆಯಿಂದ ತಟ್ಟಿದಾಗ ಎಲ್ಲೆಡೆ ಗಟ್ಟಿ ಸದ್ದು ಬಂದರೆ ನಿರ್ವಹಣೆಯೇ ಸಾಕು. ಇಂಥ ಕಡೆ ದೋಷ ಹೆಚ್ಚಾಗಿ ಪ್ಯಾರಾಪೆಟ್ ಗೋಡೆ ಸ್ಲ್ಯಾಬನ್ನು ಸೇರುವ ಮೂಲೆಯಲ್ಲಿ ಅಥವಾ ಮಳೆನೀರಿನ ಪೈಪಿನ ಬಾಯಲ್ಲಿ ಸಿಗುತ್ತದೆ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಬಿಸಿಲಿಗೆ ಹಿಗ್ಗಿ ರಾತ್ರಿ ಕುಗ್ಗುವ ಸ್ಲ್ಯಾಬು, ತನ್ನೊಂದಿಗೆ ಅಷ್ಟೇ ಚಲಿಸದ ಗೋಡೆಯಿಂದ ಆ ಮೂಲೆಯಲ್ಲಿ ಬಿಟ್ಟುಕೊಳ್ಳುತ್ತದೆ. ಅಲ್ಲಿ ಬರೀ ಸಿಮೆಂಟ್ ಮೆತ್ತಿದರೆ ಮರುಬೇಸಿಗೆಗೆ ಮತ್ತೆ ಬಿರುಕು. ಮೂಲೆಯನ್ನು ದುಂಡಗೆ ತುಂಬಿ, ಹಿಗ್ಗಬಲ್ಲ ಜಲನಿರೋಧಕ ಲೇಪವನ್ನು ಗೋಡೆಯ ಮೇಲಕ್ಕೂ ಎಳೆಯಬೇಕು. ನೆನೆದರೆ ಉಬ್ಬಿ ಒಣಗಿದರೆ ಕುಗ್ಗುವ ಎರೆ ನೆಲದ ಮನೆಗಳಲ್ಲಿ ಬೇಸಿಗೆಗೆ ಅಗಲವಾಗಿ ಮಳೆಗಾಲಕ್ಕೆ ಕಿರಿದಾಗುವ ಗೋಡೆಯ ಬಿರುಕು ಬಹುಶಃ ಅಡಿಪಾಯದ್ದು; ಅದಕ್ಕೆ ಛಾವಣಿಯ ಲೇಪ ಮದ್ದಲ್ಲ.

ತಟ್ಟಿದಾಗ ಟೊಳ್ಳು ಸದ್ದು ಬಂದರೆ, ಇಲ್ಲವೆ ಚಕ್ಕೆ ಉದುರಿ ತುಕ್ಕು ಕಂಡರೆ, ಅದು ದುರಸ್ತಿಯ ಹಂತ. ತುಕ್ಕು ಮೂಲ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಹಾಗಾಗಿ ಉದುರಿದ ಕಡೆ ಪ್ಲಾಸ್ಟರ್ ಬಳಿದು ಬಣ್ಣ ಹಚ್ಚುವುದು ರೋಗ ಮುಚ್ಚಿಟ್ಟಂತೆ. ಸರಳಿನ ಹಿಂಬದಿಯವರೆಗೂ ಸಡಿಲ ಕಾಂಕ್ರೀಟನ್ನು ಕೆತ್ತಿ ತೆಗೆದು, ತುಕ್ಕನ್ನು ಉಜ್ಜಿ, ತುಕ್ಕುನಿರೋಧಕ ಹಚ್ಚಿ, ಪಾಲಿಮರ್ ಗಾರೆ ತುಂಬಬೇಕು. 8 ಮಿ.ಮೀ. ಸರಳು 7 ಮಿ.ಮೀ.ಗೆ ಸವೆದಿದ್ದರೆ ಉಕ್ಕಿನ ಸುಮಾರು ಕಾಲುಭಾಗ ಹೋಯಿತೆಂದೇ ಲೆಕ್ಕ. ಅಂಥಲ್ಲಿ ಹೊಸ ಸರಳು ಜೋಡಿಸದೆ ಗತ್ಯಂತರವಿಲ್ಲ.

ಇನ್ನು ಮೇಲಿನ ಪದರದ ವಿಷಯ. ಓಡಾಡುವ ಮಾಳಿಗೆಗೆ ಜನ ಮತ್ತು ಸಾಮಾನಿನ ಭಾರವೆಂದು ವಿನ್ಯಾಸದಲ್ಲಿ ಸಾಮಾನ್ಯವಾಗಿ ಹಿಡಿಯುವುದು ಚದರ ಮೀಟರಿಗೆ ಸುಮಾರು 150 ಕಿಲೋ. ಸೋರಿಕೆ ತಡೆಯಲು ಮಾಳಿಗೆಯ ಮೇಲೆ ಹಾಸುವ ಇಟ್ಟಿಗೆ ಚೂರು-ಗಾರೆಯ ಪದರ, ಅಂದರೆ ಕೋಬಾ, 10 ಸೆಂ.ಮೀ. ದಪ್ಪದ್ದು ಒಂದೇ ಚದರ ಮೀಟರಿಗೆ ಸುಮಾರು 200 ಕಿಲೋ ತೂಗುತ್ತದೆ. ಮೊದಲ ಕೋಬಾವನ್ನು ಲೆಕ್ಕ ಹಿಡಿದೇ ಸ್ಲ್ಯಾಬು ಕಟ್ಟಿರಬಹುದು, ಅದರ ಮೇಲಿನ ಎರಡನೆಯದನ್ನು ಯಾರೂ ಹಿಡಿದಿರುವುದಿಲ್ಲ. ಸೋರಿಕೆಗಿಂತ ಅದರ ಹೆಸರಿನಲ್ಲಿ ಏರಿಸಿದ ಈ ಭಾರವೇ ನನಗೆ ಹೆಚ್ಚು ಆತಂಕ ತರುತ್ತದೆ. ಹಳೆಯ ಪದರವನ್ನು ಕಿತ್ತು ಕೆಳಗಿಳಿಸಿದ ಮೇಲೆಯೇ ಹೊಸದನ್ನು, 100 ಅಡಿಗೆ ಕನಿಷ್ಠ 1 ಅಡಿ ಇಳಿಜಾರಿನಲ್ಲಿ, ಹಾಕಿಸಬೇಕು.

ಸ್ಲ್ಯಾಬು ನಡುವೆ ಕಣ್ಣಿಗೆ ಕಾಣುವಂತೆ ಜಗ್ಗಿದ್ದರೆ, ಅಥವಾ ತಳದ ಹೆಚ್ಚಿನ ಭಾಗದಲ್ಲಿ ಸರಳುಗಳು ಬಯಲಾಗಿ ಪದರುಪದರಾಗಿ ಏಳುತ್ತಿದ್ದರೆ, ಕೋಣೆ ಖಾಲಿ ಮಾಡಿ, ಕೆಳಗಿನಿಂದ ಆಸರೆಯ ಜಾಕ್ ಕೊಟ್ಟು, ಸ್ಲ್ಯಾಬನ್ನೇ ಬದಲಿಸುವ ಲೆಕ್ಕಕ್ಕೆ ಇಳಿಯುವುದೇ ಸರಿ.

ನಮ್ಮ ಭಾಗದ ಹಳೆಯ ಮನೆಗಳ ಲೆಕ್ಕ ಸ್ವಲ್ಪ ಬೇರೆ. ಶಹಾಬಾದ್ ಫರಸಿಯ ಛಾವಣಿಯಲ್ಲಿ ಒಂದು ಕಲ್ಲು ಅಡ್ಡಲಾಗಿ ಬಿರಿದರೆ ಆ ಕಲ್ಲನ್ನಷ್ಟೇ ಬದಲಿಸಿದರೆ ಸಾಕು, ಆದರೆ ತಡಮಾಡಬಾರದು. ಕಾಂಕ್ರೀಟ್ ಜಗ್ಗಿ ಮುನ್ಸೂಚನೆ ಕೊಡುತ್ತದೆ; ಕಲ್ಲು ಹಾಗೆ ಕೊಡದೆ ಒಮ್ಮೆಲೇ ಮುರಿಯುತ್ತದೆ. ಮಣ್ಣಿನ ಮಾಳಿಗೆಗೆ ವರ್ಷವರ್ಷವೂ ಹೊಸ ಮಣ್ಣು ಹಾಕುವವರು ಹಳೆಯದನ್ನು ಕೆರೆದು ತೆಗೆಯಬೇಕು, ಏಕೆಂದರೆ 15 ಸೆಂ.ಮೀ. ನೆನೆದ ಮಣ್ಣು ಚದರ ಮೀಟರಿಗೆ 250 ಕಿಲೋ ದಾಟುತ್ತದೆ. ಎರಡೂ ಬಗೆಯ ಛಾವಣಿಗಳಲ್ಲಿ ಮೊದಲು ನೋಡಬೇಕಾದದ್ದು ತೊಲೆಯ ಅಥವಾ ಗರ್ಡರಿನ ತುದಿಗಳನ್ನು. ಅವು ಗೋಡೆಯೊಳಗೆ ಹುದುಗಿ ತೇವದಲ್ಲಿರುವುದರಿಂದ, ನಡುಭಾಗ ಗಟ್ಟಿಯಿರುವಾಗಲೂ ಅಲ್ಲಿ ಕೊಳೆತೋ ತುಕ್ಕು ಹಿಡಿದೋ ಹೋಗಿರಬಹುದು. ಗೋಡೆಗೆ ತಾಗಿದ ಕಡೆ ಗಾರೆ ಕೆರೆದು, ಮೊನಚಾದ ಕಬ್ಬಿಣದಿಂದ ಚುಚ್ಚಿ ನೋಡಿದರೆ ತಿಳಿಯುತ್ತದೆ.